ಹನ್ನೆರಡನೆಯ ಚೀಟಿ

ಆಫೀಸಿನ ಕೆಲಸಕ್ಕೆಂದು ಎರಡು ದಿನ ಬ್ರಿಸ್ಬೇನಿನಿಂದ ಅಡಿಲೇಡಿಗೆ ಬಂದಿದ್ದೆ. ಮೀಟಿಂಗು ಬೆಳಗ್ಗೆಯೇ ಮುಗಿದುಹೋಯಿತು. ಮಾಡಲು ಬೇರೆ ಕೆಲಸವಿಲ್ಲದೆ ಟ್ರಾಮ್ ಹತ್ತಿ ಕಡಲ ದಂಡೆಯ ಗ್ಲೆನೆಲ್ಗ್‌ಗೆ ಹೋದೆ. ನೀರಿನೊಳಕ್ಕೆ ಚಾಚಿದ ಜೆಟ್ಟಿಯ ಮೇಲೆ ಮೀನು ಹಿಡಿಯುವವನೊಬ್ಬ ತನ್ನ ವೇಡರ್ಸ್ ಬಿಚ್ಚಿ ಕಂಬಿಗೆ ನೇತುಹಾಕಿದ್ದ. ಬೂಟೂ ಪ್ಯಾಂಟೂ ಒಂದೇ ಆಗಿ ಎದೆಯವರೆಗೆ ಬರುವ ರಬ್ಬರಿನ ಉಡುಪು ಅದು. ಬಿಸಿಲಿಗೆ ಕಾದು ಹಳೆಯ ಸೈಕಲ್ ಟ್ಯೂಬಿನ ವಾಸನೆ ಬಿಡುತ್ತಿತ್ತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನಗೆ ಸಿಟ್ಟು ಬಂತು. ಪಾಪ, ಆ ಮನುಷ್ಯನ ಮೇಲಲ್ಲ. ಆರು ವರ್ಷದ ಹಿಂದೆ, ಇದೇ ಅಡಿಲೇಡಿನಿಂದ ಉತ್ತರಕ್ಕೆ ಮೂರು ಗಂಟೆ ದೂರದ ಒಂದು ಗೋಧಿ ಬೆಳೆಯುವ ಊರಿನಲ್ಲಿ ನಾನು ಒಂದು ವರ್ಷ ಬ್ಯಾಪ್ಟಿಸ್ಟ್ ಚರ್ಚಿನ ಸಭೆಗೆ ಪಾಸ್ಟರ್ ಆಗಿದ್ದೆ. ಇಡೀ ವರ್ಷದಲ್ಲಿ ಒಂದೇ ಸಲ ಅಂಥದ್ದೇ ವೇಡರ್ಸ್ ತೊಟ್ಟು ನೀರಿಗೆ ಇಳಿದಿದ್ದೆ. ಸಿಟ್ಟು ಆ ವರ್ಷದ ಮೇಲೆ, ಆ ಒಂದು ದಿನದ ಮೇಲೆ.

ನಾನು ಹುಟ್ಟಿದ್ದು ತುಮಕೂರಿನ ಕಡೆಯ ಒಂದು ಮಿಷನ್ ಕಾಂಪೌಂಡಿನಲ್ಲಿ. ಬ್ರಿಸ್ಬೇನಿನ ಕನ್ನಡ ಕೂಟದವರಿಗೆ ಇದನ್ನು ಹೇಳಿದಾಗಲೆಲ್ಲ "ನೀವು ಕ್ರಿಶ್ಚಿಯನ್ನಾ? ಕನ್ನಡ ಇಷ್ಟು ಚೆನ್ನಾಗಿದೆ!" ಎಂದು ಮೆಚ್ಚುತ್ತಾರೆ, ನಾನೇನೋ ರಾಜ್ಯೋತ್ಸವಕ್ಕೆ ಬಾಯಿಪಾಠ ಮಾಡಿಕೊಂಡು ಬಂದವನ ಹಾಗೆ. ಇರಲಿ. ಅಪ್ಪ ಎಂಟು ಹಳ್ಳಿಗಳಿಗೆ ಅಯ್ಯನವರು, ಎಂದರೆ ಪಾಸ್ಟರ್. ಭಾನುವಾರ ಮೂರು ಹಳ್ಳಿಯಲ್ಲಿ ಆರಾಧನೆ, ವಾರದ ನಡುವೆ ಉಳಿದ ಐದು ಹಳ್ಳಿಗೆ ಸೈಕಲ್ ಸವಾರಿ. ನಮ್ಮದು ಎಳೆಗೂಸಿನ ಹಣೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡುವ ಸಭೆ. ನನಗೂ ಅಪ್ಪನೇ ಕೊಟ್ಟಿದ್ದರು. ಓದಲು ಬ್ರಿಸ್ಬೇನಿನ ಸೇಂಟ್ ಲೂಸಿಯಾದ ಯೂನಿವರ್ಸಿಟಿಗೆ ಬಂದ ಮೇಲೆ ನಾನು ಅಲ್ಲಿನ ಬ್ಯಾಪ್ಟಿಸ್ಟ್ ಗೆಳೆಯರ ಜೊತೆ ಸೇರಿದೆ. ಅವರ ಪ್ರಕಾರ ಮಗುವಿನ ಹಣೆಗೆ ಹಾಕಿದ ನೀರು ದೀಕ್ಷಾಸ್ನಾನವೇ ಅಲ್ಲ. ನಂಬಿದವನು ತಾನೇ ಬಾಯಿಬಿಟ್ಟು ಹೇಳಬೇಕು, ನೆತ್ತಿಯವರೆಗೆ ಮುಳುಗಿ ಏಳಬೇಕು. ನನಗೆ ಅದು ಸರಿ ಎನಿಸಿತು, ಈಗಲೂ ಸರಿ ಎಂದೇ ಅನಿಸುತ್ತದೆ. ಮುಳುಗಿದೆ. ಆ ವಾರ ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ನಾನು ಹಾಕಿದ್ದು ನೀರಲ್ವೇನೋ?"

ಆಗ ಊರಿಗೆ ಮಾತಾಡಲು ಕೊಳ್ಳುತ್ತಿದ್ದ ಫೋನ್ ಕಾರ್ಡು ಮುಗಿಯಿತು ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ಆಮೇಲೆ ವಾರವಾರವೂ ಮಾತಾಡಿದ್ದೇವೆ. ಅವರ ಸಕ್ಕರೆ ಕಾಯಿಲೆ, ಅಲ್ಲಿಯ ಮಳೆ, ಇಲ್ಲಿಯ ಮಳೆ, ಮೊಮ್ಮಗಳ ಓದು. ಆ ಪ್ರಶ್ನೆಯನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿ ಹದಿನೈದು ವರ್ಷ ಸವೆದ ಮೇಲೆ, ನಲವತ್ತು ದಾಟಿದಾಗ, ನನಗೂ ಪಾಸ್ಟರ್ ಆಗುವ ಹುಚ್ಚು ಹತ್ತಿತು. ಅಡಿಲೇಡಿನ ಒಂದು ಬೈಬಲ್ ಕಾಲೇಜಿನ ಕೋರ್ಸನ್ನು ಮನೆಯಿಂದಲೇ ಮುಗಿಸಿದೆ. ಕಾಲೇಜಿನವರು ಆ ಗೋಧಿ ಊರಿನ ಸಭೆಗೆ ನನ್ನ ಹೆಸರು ಕಳಿಸಿದರು. ಸಭೆಯವರದು ಒಂದು ಷರತ್ತು: ಮೊದಲು ಒಂದು ವರ್ಷ ನೋಡುತ್ತೇವೆ, ಕೊನೆಗೆ ಸದಸ್ಯರು ಚೀಟಿ ಹಾಕುತ್ತಾರೆ, ನಾಲ್ಕರಲ್ಲಿ ಮೂರು ಪಾಲು ಹೌದು ಎಂದರೆ ಉಳಿಯಬಹುದು. ಬ್ಯಾಪ್ಟಿಸ್ಟರಲ್ಲಿ ಇದು ಸಹಜ. ಮೇಲಿನಿಂದ ಯಾರೂ ಪಾಸ್ಟರನ್ನು ನೇಮಿಸುವುದಿಲ್ಲ. ಕೂತು ಪ್ರಸಂಗ, ಎಂದರೆ ಪಾಸ್ಟರನ ಉಪದೇಶ, ಕೇಳುವವರೇ ಇಟ್ಟುಕೊಳ್ಳುತ್ತಾರೆ, ಅವರೇ ಕಳಿಸುತ್ತಾರೆ.

ಹೆಂಡತಿ ಶೀಲಾ ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನ ಮನೆಯ ಅಡುಗೆಮನೆಯಲ್ಲಿ ನಿಂತು, ನೈಟ್ ಡ್ಯೂಟಿಯ ನರ್ಸ್ ಬಟ್ಟೆಯಲ್ಲೇ, ತನ್ನ ತೀರ್ಪು ಹೇಳಿದಳು. "ನೀವು ಹೋಗಿ ಒಂದು ವರ್ಷ ನೋಡ್ಕೊಂಡ್ ಬನ್ನಿ. ಪರ್ಮನೆಂಟ್ ಆದ್ರೆ ನಾವೂ ಬರ್ತೀವಿ. ಅಲ್ಲೀವರ್ಗೂ ನಾನು ಕೆಲ್ಸ ಬಿಡಲ್ಲ, ಇವಳ ಸ್ಕೂಲೂ ಬಿಡ್ಸಲ್ಲ." ಮಗಳು ರೂತ್ ಅಲ್ಲಿ ಪೆಟ್ರೋಲ್ ಬಂಕಾದರೂ ಇದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪರ್ತ್‌ನಲ್ಲಿ ಗಣಿ ಕಂಪನಿಯ ಜಿಯಾಲಜಿಸ್ಟ್ ಆಗಿರುವ ನನ್ನ ಶಾಲೆಯ ಗೆಳೆಯ ನಾಗೇಶ ಫೋನ್ ಮಾಡಿ ನಕ್ಕ: "ಏನ್ ಗುರೂ, ಹನ್ನೊಂದ್ ಜನಕ್ಕೆ ಪ್ರಸಂಗ ಮಾಡಕ್ಕೆ ಅಷ್ಟು ದೂರ ಹೋಗ್ತಿದ್ದೀಯಾ? ನಮ್ ಸೈಟಲ್ಲಿ ಟೀ ಕುಡಿಯೋ ಹೊತ್ತಿಗೆ ಅದಕ್ಕಿಂತ ಜಾಸ್ತಿ ಜನ ಸೇರ್ತಾರೆ."

ಹನ್ನೊಂದೇ. ಅವನು ಚುಡಾಯಿಸಿದ್ದು ಸುಳ್ಳಲ್ಲ. ಕಲ್ಲಿನ ಗೋಡೆ, ತಗಡಿನ ಸೂರು, ಎಂಬತ್ತು ಜನ ಕೂರುವ ಬೆಂಚುಗಳು, ಅದರಲ್ಲಿ ಹನ್ನೊಂದು ಸದಸ್ಯರು. ಹೊರಗೆ ಬಂದರೆ ಗೋಧಿ ತುಂಬುವ ಎತ್ತರದ ಸೈಲೋಗಳು, ಒಂದು ಪಬ್ಬು, ವಾರಕ್ಕೆ ಮೂರು ದಿನ ತೆರೆಯುವ ಅಂಚೆ ಕಚೇರಿ. ಜಯಕರ ಎಂಬ ನನ್ನ ಹೆಸರು ಮೊದಲ ಭಾನುವಾರವೇ 'ಜೇ' ಆಯಿತು. ಸಭೆಯ ಕಾರ್ಯದರ್ಶಿ ಬೆವ್ ಎಂಬ ಎಪ್ಪತ್ತರ ಹೆಂಗಸು ನನ್ನ ಕೈಗೆ ಬೀಗದ ಕೈಗಳ ಗೊಂಚಲು ಕೊಟ್ಟು, ಯಾವ ಬಾಗಿಲನ್ನು ಒದ್ದರೆ ಮಾತ್ರ ತೆರೆಯುತ್ತದೆ ಎಂದು ತೋರಿಸಿದಳು.

ನನ್ನ ಚೀಲದಲ್ಲಿ ಕಾಲೇಜಿನ ಮೇಷ್ಟರೊಬ್ಬರು ಕೊಟ್ಟ ಒಂದು ನಕಲು ಪ್ರತಿ ಇತ್ತು. ಅಮೆರಿಕ ಹೊಸದಾಗಿ ದೇಶವಾದ ಕಾಲದಲ್ಲಿ ಯಾವುದೋ ಗುಡ್ಡಗಾಡಿನಲ್ಲಿದ್ದ ಒಬ್ಬ ಬ್ಯಾಪ್ಟಿಸ್ಟ್ ಪಾಸ್ಟರನ ದಿನಚರಿ. ಹಳ್ಳಿ ಸಭೆ ನಡೆಸಲು ಹೋಗುವವನು ಇದನ್ನು ಓದಬೇಕು ಎಂದಿದ್ದರು. ಓದಿದೆ. ಆ ಮನುಷ್ಯನಿಗೆ ಸಂಬಳವಿಲ್ಲ. ವಾರವಿಡೀ ಮೆಕ್ಕೆಜೋಳ ಬಿತ್ತುತ್ತಾನೆ, ಶನಿವಾರ ಕುದುರೆ ಹತ್ತುತ್ತಾನೆ, ನಾಲ್ಕು ಊರಿನ ಸಭೆ ನೋಡಿಕೊಳ್ಳುತ್ತಾನೆ, ಚಳಿಗಾಲದಲ್ಲಿ ನದಿಯ ಮೇಲಿನ ಮಂಜುಗಡ್ಡೆ ಒಡೆದು ಜನರನ್ನು ಮುಳುಗಿಸುತ್ತಾನೆ. ಬರೆಯುವುದು ಮಾತ್ರ ಹವೆ. ಮೋಡ, ಇಬ್ಬರಿಗೆ ದೀಕ್ಷಾಸ್ನಾನ, ಕುದುರೆಯ ಕಾಲಿಗೆ ಗಾಯ. ಅಷ್ಟೇ. ಇಬ್ಬರು ರೈತರ ಬೇಲಿ ಜಗಳದಲ್ಲಿ ಇವನು ಪಂಚಾಯಿತಿ ಮಾಡಿ ಸೋತವನು ಸಭೆಗೆ ಬರುವುದನ್ನೇ ಬಿಟ್ಟ ದಿನವೂ ಮೋಡ ಎಂದು ಬರೆದಿದ್ದಾನೆ. ಅವನ ಸಭೆಯವರು ಕೈಯೆತ್ತಿ ಅವನನ್ನು ತೆಗೆದುಹಾಕಿದ ದಿನ ಎರಡು ಎಕರೆ ಉತ್ತನಂತೆ. ಹೊಟ್ಟೆಯೊಳಗೆ ಏನಾಯಿತು ಮಾರಾಯ, ಅದನ್ನು ಹೇಳು ಎಂದು ಆ ಪುಟಗಳನ್ನು ಹಿಡಿದು ಜಗ್ಗಾಡಬೇಕು ಎನಿಸುತ್ತಿತ್ತು. ಊಟದ ಮೇಜಿನ ಮೇಲೆ ಅವನು ಬಿಟ್ಟರೆ ನನಗೆ ಬೇರೆ ಜೊತೆಯಿರಲಿಲ್ಲ.

ಸಭೆ ಕೊಡುತ್ತಿದ್ದದ್ದು ಸಾಲದೆ ನಾನೂ ಅವನಂತೆ ವಾರದಲ್ಲಿ ಬೇರೆ ಕೆಲಸ ಹುಡುಕಬೇಕಾಯಿತು. ನವೆಂಬರಿನ ಕೊಯ್ಲಿಗೆ ಸೈಲೋದಲ್ಲಿ ಮಾದರಿ ತೆಗೆಯುವವನಾಗಿ ಸೇರಿಕೊಂಡೆ. ಲಾರಿ ಬಂದು ನಿಂತಾಗ ಉದ್ದನೆಯ ಕೊಳವೆಯನ್ನು ಗೋಧಿಯೊಳಗೆ ಚುಚ್ಚಿ ಮಾದರಿ ತೆಗೆದು, ಯಂತ್ರಕ್ಕೆ ಹಾಕಿ, ಯಾವ ದರ್ಜೆ ಎಂದು ಹೇಳುವುದು. ಆ ವರ್ಷ ಕೊಯ್ಲಿನ ನಡುವೆ ಮಳೆ ಸುರಿಯಿತು. ಇಲ್ಲಿಯವರಿಗೆ ಜೂನಿನಲ್ಲಿ ಬೇಡಿಕೊಂಡರೂ ಬಾರದ ಮಳೆ ನವೆಂಬರಿನಲ್ಲಿ ಬಂದರೆ ಶಾಪ. ತೆನೆಯಲ್ಲೇ ಕಾಳು ಮೊಳೆಯಿತು. ಸಭೆಯ ಹಿರಿಯ ಗ್ರಹಾಂನ ಲಾರಿ ಒಂದು ಶುಕ್ರವಾರ ಬಂತು. ಯಂತ್ರ ತೋರಿಸಿದ್ದನ್ನು ನಾನು ಓದಿದೆ: ರೊಟ್ಟಿಗೆ ಆಗದು, ದನದ ಮೇವಿನ ದರ್ಜೆ. ಇನ್ನೊಮ್ಮೆ ತೆಗೆ ಎಂದ. ತೆಗೆದೆ. ಅದೇ ಬಂತು. ಅವನು ಲಾರಿ ಮುಂದೆ ಬಿಟ್ಟ. ಭಾನುವಾರ ಅವನೂ ಹೆಂಡತಿಯೂ ಮಗನೂ ಎರಡನೆಯ ಬೆಂಚಿನಿಂದ ಎದ್ದು ಕಟ್ಟಕಡೆಯ ಬೆಂಚಿಗೆ ಹೋಗಿ ಕೂತರು. ಅಂದು ನಾನು ಕ್ಷಮೆಯ ಬಗ್ಗೆ ಪ್ರಸಂಗ ಮಾಡಬೇಕೆಂದು ತಿಂಗಳ ಹಿಂದೆಯೇ ಪಟ್ಟಿಯಲ್ಲಿ ಅಚ್ಚಾಗಿತ್ತು. ಮಾಡಿದೆ, ನನ್ನ ಕರ್ಮ.

ಬೆವ್ ಆರಾಧನೆಯ ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಅವಳೂ ಇತರರೂ ಆಡಿದ ಇಂಗ್ಲಿಷನ್ನು ನನ್ನ ನೆನಪು ಯಾವತ್ತೋ ನಮ್ಮ ಮಾತಿಗೆ ತಿರುಗಿಸಿಕೊಂಡಿದೆ, ಹಾಗೇ ಬರೆಯುತ್ತೇನೆ. "ಹನ್ನೊಂದು ಜನ. ಗ್ರಹಾಂ ಮನೇದು ಮೂರು ಹೋಯ್ತು. ಉಳಿದಿದ್ದು ಎಂಟು, ಸಾಲಲ್ಲ. ಒಬ್ಬರು ಹೊಸ ಸದಸ್ಯರು ಸೇರಿ ಹನ್ನೆರಡಾದ್ರೆ ಒಂಬತ್ತು ಬೇಕು, ಸರಿಯಾಗಿ ಒಂಬತ್ತಾಗುತ್ತೆ." ಆಮೇಲೆ ಪೆನ್ನಿನಿಂದ ಕಿಟಕಿಯ ಕಡೆ ತೋರಿಸಿದಳು. ಹೊರಗೆ ವಾಲ್ಟರ್ ಹುಲ್ಲು ಕತ್ತರಿಸುತ್ತಿದ್ದರು.

ವಾಲ್ಟರ್‌ಗೆ ಎಂಬತ್ತೊಂದು. ಐವತ್ತು ವರ್ಷದಿಂದ ಪ್ರತಿ ಭಾನುವಾರ ಬರುವವರು, ಸೂರಿನ ತಗಡು ಬದಲಿಸಿದವರು, ನನಗೆ ಮೊಟ್ಟೆಯೂ ಕುರಿಮಾಂಸವೂ ತಂದುಕೊಟ್ಟವರು. ಆದರೆ ಸದಸ್ಯರಲ್ಲ, ಚೀಟಿ ಹಾಕುವ ಹಕ್ಕಿಲ್ಲ; ಮುಳುಗಿ ದೀಕ್ಷಾಸ್ನಾನ ಪಡೆದವರಿಗಷ್ಟೇ ಅದು. ಅವರು ಜರ್ಮನ್ ಮೂಲದ, ಕೂಸಿಗೇ ನೀರು ಹಾಕುವ ಲೂಥರನ್ ಮನೆಯವರು. ಹೆಂಡತಿ ಜಾಯ್ಸ್ ಬ್ಯಾಪ್ಟಿಸ್ಟ್ ಆದ್ದರಿಂದ ಈ ಸಭೆಗೆ ಬಂದರು. ಅವಳು ಬದುಕಿರುವವರೆಗೂ ಕೇಳಿದರೂ ನೀರಿಗೆ ಮಾತ್ರ ಇಳಿಯಲಿಲ್ಲ. ಕಾರಣ ನನಗೆ ಒಮ್ಮೆ ಹೇಳಿದ್ದರು. ಹುಟ್ಟಿದಾಗ ಅವರ ಮೈ ನೀಲಿಗಟ್ಟಿತ್ತಂತೆ. ಪಾಸ್ಟರ್ ಬರುವ ತನಕ ಉಳಿಯುವುದಿಲ್ಲ ಎಂದು ತಾಯಿಯೇ, ಹೆತ್ತ ಹಾಸಿಗೆಯಲ್ಲೇ, ಒಂದು ಲೋಟ ನೀರು ತೆಗೆದುಕೊಂಡು ದೀಕ್ಷಾಸ್ನಾನ ಕೊಟ್ಟಳಂತೆ. "ಆ ಲೋಟ ಇನ್ನೂ ಮನೇಲಿದೆ. ಈಗ ನಾನು ಮುಳುಗಿದ್ರೆ ಅಮ್ಮ ಮಾಡಿದ್ದು ಏನೂ ಅಲ್ಲ ಅಂದ ಹಾಗಾಗುತ್ತೆ, ಮೇಟ್."

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಡಿಸೆಂಬರಿನಲ್ಲಿ ಮೂರು ಸಲ ಅವರ ಮನೆಗೆ ಹೋದೆ. ಅವರ ಆತ್ಮಕ್ಕಾಗಿ ಹೋಗುತ್ತಿದ್ದೇನೆ ಎಂದು ಕಾರಿನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಕ್ಯಾಲಮ್‌ವೇಲ್‌ನಲ್ಲಿ ಶೀಲಾ ಇನ್ನೊಂದು ವರ್ಷಕ್ಕೆ ಸ್ಕೂಲ್ ಫೀಸು ಕಟ್ಟಬೇಕೋ ಬೇಡವೋ ಎಂದು ದಿನಾ ಕೇಳುತ್ತಿದ್ದಳು. ಎರಡೂ ನಿಜವೇ ಇರಬಹುದು, ಆದರೆ ಯಾವುದು ಕಾರನ್ನು ಓಡಿಸುತ್ತಿತ್ತು ಎಂಬುದು ನನಗೆ ಗೊತ್ತಿರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ.

ಮೂರನೆಯ ಸಲ ಅವರು ವರಾಂಡದಲ್ಲಿ ಕೂತು ನನ್ನ ವಾದವನ್ನೆಲ್ಲ ಕೇಳಿದರು. ನಾನೂ ಹಣೆಗೆ ನೀರು ಹಾಕಿಸಿಕೊಂಡವನೇ, ಆಮೇಲೆ ಮುಳುಗಿದವನೇ ಎಂದೆ.

"ನಿಂಗೆ ಯಾರು ಹಾಕಿದ್ರು, ಮೊದಲು?"

"ನಮ್ಮಪ್ಪ. ಅವರೂ ಪಾಸ್ಟರ್."

ವಾಲ್ಟರ್ ನೆಟ್ಟಗೆ ಕೂತರು. "ನಿಮ್ಮಪ್ಪಾನೇನಾ? ಮತ್ತೆ ನೀನು ಇನ್ನೊಂದ್ಸಲ ಮಾಡಿಸ್ಕೊಂಡಾಗ ಏನಂದ್ರು?"

ಇಡೀ ವರ್ಷದಲ್ಲಿ ನನ್ನನ್ನು ಯಾರೂ ಇಷ್ಟು ಸರಳವಾದ ಪ್ರಶ್ನೆ ಕೇಳಿರಲಿಲ್ಲ.

"ಸಂತೋಷಪಟ್ಟರು," ಎಂದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಎದ್ದು, "ಸರಿ ಹಂಗಾದ್ರೆ. ಜನವರಿ ಮೊದಲ್ನೇ ಭಾನುವಾರ ಇಟ್ಕೋ," ಎಂದು ಒಳಗೆ ಹೋದರು.

ನಮ್ಮ ಸಭೆಯ ದೀಕ್ಷಾಸ್ನಾನದ ತೊಟ್ಟಿ ಪ್ರಸಂಗ ಪೀಠದ ಕೆಳಗಿತ್ತು. ಪೀಠ ಸರಿಸಿ, ನೆಲದ ಹಲಗೆ ಎತ್ತಿದರೆ ನಾಲ್ಕು ಮೆಟ್ಟಿಲು, ಕೆಳಗೆ ಸಿಮೆಂಟಿನ ಗುಂಡಿ. ಒಂಬತ್ತು ವರ್ಷದಿಂದ ಯಾರೂ ತೆಗೆದಿರಲಿಲ್ಲ. ಬೆವ್ ಒಳಗಿಂದ ಎರಡು ಸತ್ತ ಹಲ್ಲಿ, ಒಂದು ಹಾಡಿನ ಪುಸ್ತಕ ತೆಗೆದಳು. ಊರಿನ ನಲ್ಲಿಯ ನೀರು ತುಂಬೋಣವೆಂದರೆ ವಾಲ್ಟರ್ ಒಪ್ಪಲಿಲ್ಲ. ಹೊಲದ ಬೆಂಕಿ ಆರಿಸಲು ಇಲ್ಲಿಯ ರೈತರು ಯೂಟ್ ಎಂಬ ಪಿಕಪ್ ಗಾಡಿಯ ಹಿಂದೆ ನೀರಿನ ಟ್ಯಾಂಕು ಕಟ್ಟಿಕೊಂಡಿರುತ್ತಾರೆ. ಅದರಲ್ಲಿ ತಮ್ಮ ಮನೆಯ ಸೂರಿನ ಮಳೆನೀರನ್ನು ನಾಲ್ಕು ಸಲ ಹೊತ್ತು ತಂದರು. ಅವರು ಹುಟ್ಟಿದ್ದು ಅದೇ ಮನೆಯಲ್ಲಿ. ಪೈಪು ಹಿಡಿದುಕೊಂಡು ತೊಟ್ಟಿ ತುಂಬುವವರೆಗೂ ಪಕ್ಕದಲ್ಲೇ ನಿಂತಿದ್ದರು.

ಆ ಭಾನುವಾರ ನಲವತ್ತೆರಡು ಡಿಗ್ರಿ. ಪೀಠದ ಪಕ್ಕದ ಬೀರುವಿನಲ್ಲಿದ್ದ ವೇಡರ್ಸನ್ನು ತೊಟ್ಟು, ಮೇಲೆ ಬಿಳಿ ಅಂಗಿ ಹಾಕಿಕೊಂಡು ಇಳಿದೆ. ಯಾವುದೋ ಕಾಲದ ರಬ್ಬರು, ಮೊಣಕಾಲಿನ ಹತ್ತಿರ ಸೀಳಿತ್ತು, ನೀರು ಒಳಗೆ ಬಂದು ಕಾಲು ಭಾರವಾಯಿತು. ವಾಲ್ಟರ್ ಒಂದೊಂದೇ ಮೆಟ್ಟಿಲು ಇಳಿದರು. ಕಡೆಯ ಬೆಂಚಿನಿಂದ ಗ್ರಹಾಂ ಕೂಡ ಎದ್ದು ನಿಂತು ಇಣುಕಿದ. "ಕುತ್ತಿಗೆ ಹುಷಾರು, ಮೇಟ್," ಎಂದರು ವಾಲ್ಟರ್, ನನಗಷ್ಟೇ ಕೇಳುವಂತೆ. ತಂದೆಯ ಮಗನ ಪವಿತ್ರಾತ್ಮನ ಹೆಸರಿನಲ್ಲಿ ಅವರನ್ನು ಹಿಂದಕ್ಕೆ ಮಲಗಿಸಿ ಮುಳುಗಿಸಿ ಎತ್ತಿದೆ. ಜನ ಹಾಡತೊಡಗಿದರು. ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡು ಒಂದು ಕ್ಷಣ ಆ ನೀರನ್ನೇ ನೋಡುತ್ತ ನಿಂತರು, ಆಮೇಲೆ ನನ್ನ ತೋಳು ಹಿಡಿಯದೆ ತಾವೇ ಮೆಟ್ಟಿಲು ಹತ್ತಿಹೋದರು. ಆ ಅಮೆರಿಕದವನನ್ನು ನೋಡಿ ನಾನೂ ಬರೆಯುತ್ತಿದ್ದ ದಿನಚರಿಯಲ್ಲಿ ಆ ದಿನಕ್ಕೆ ಏನು ಬರೆದಿದ್ದೇನೆ ಎಂದು ಆಮೇಲೊಮ್ಮೆ ನೋಡಿದೆ. ಒಣಗಾಳಿ, ಒಬ್ಬರಿಗೆ ದೀಕ್ಷಾಸ್ನಾನ ಎಂದಿತ್ತು.

ಚೀಟಿ ಹಾಕಿದ್ದು ಎರಡು ವಾರದ ನಂತರ. ಪಾಸ್ಟರ್ ಹೊರಗಿರಬೇಕೆಂಬ ರೂಢಿ. ನಾನು ಅಂಗಳದ ಮರದ ಕೆಳಗೆ ನಿಂತಿದ್ದೆ. ಒಳಗೆ ಖಾಲಿ ಐಸ್‌ಕ್ರೀಂ ಡಬ್ಬಿಗೆ ಚೀಟಿ ಬೀಳುತ್ತಿದ್ದವು. ಶೀಲಾಗೆ ಮೆಸೇಜನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ, ಫೀಸು ಕಟ್ಟಬೇಡ ಎಂದು. ಒತ್ತುವುದೊಂದೇ ಬಾಕಿ. ಬೆವ್ ಹೊರಗೆ ಬಂದಾಗ ಅವಳ ಮುಖ ನೋಡಿಯೇ ಗೊತ್ತಾಯಿತು.

"ಎಂಟು, ನಾಲ್ಕು," ಎಂದಳು. "ನಾಲ್ಕನೇದು ಯಾರದೋ ನಂಗೊತ್ತಿಲ್ಲ, ಜೇ. ದೇವರಾಣೆ."

ವಾಲ್ಟರ್ ತಮ್ಮ ಯೂಟಿನ ಹತ್ತಿರ ಟ್ಯಾಂಕಿನ ಪೈಪು ಸುತ್ತುತ್ತಿದ್ದರು. ನಾನು ಅವರ ಬಳಿ ಹೋದದ್ದು ಸಮಾಧಾನ ಕೇಳಲು.

"ನಾಲ್ಕನೇದು ನಂದು," ಎಂದರು, ಪೈಪು ಸುತ್ತುವುದನ್ನು ನಿಲ್ಲಿಸದೆ.

ಬಿಸಿಲಿಗೆ ತಲೆ ಕೆಟ್ಟು ತಪ್ಪು ಕೇಳಿಸಿಕೊಂಡೆನೇನೋ ಎಂದು ಮತ್ತೆ ಕೇಳಿದೆ. ಅದನ್ನೇ ಹೇಳಿದರು.

"ಯಾಕೆ?"

"ನಿಮ್ಮಪ್ಪ ಸಂತೋಷಪಟ್ಟರು ಅಂದ್ಯಲ್ಲ. ಮೂರು ಗಂಡು ಮಕ್ಕಳನ್ನ ಸಾಕಿದ್ದೀನಿ ನಾನು. ಹುಡುಗರು ಸುಳ್ಳು ಹೇಳುವಾಗ ಮುಖ ಹೆಂಗಿರುತ್ತೆ ಅಂತ ಗೊತ್ತು."

"ಗೊತ್ತಿದ್ರೂ ನೀರಿಗೆ ಯಾಕೆ ಇಳಿದ್ರಿ ಮತ್ತೆ?"

"ಅದು ಜಾಯ್ಸ್‌ಗೋಸ್ಕರ. ಅವಳು ಕೇಳಿ ಕೇಳಿ ಸತ್ತಳು. ಅಮ್ಮ ಏನೂ ಅಂದ್ಕೊಳ್ಳಲ್ಲ ಅಂತ ಕೊನೆಗೆ ಅನ್ನಿಸ್ತು, ಇಳಿದೆ. ಅದಕ್ಕೆ ನೀನೇ ಆಗ್ಬೇಕು ಅಂತೇನಿರಲಿಲ್ಲ." ಪೈಪನ್ನು ಕೊಕ್ಕೆಗೆ ಸಿಕ್ಕಿಸಿದರು. "ಆದ್ರೆ ಇಲ್ಲಿ ಉಳಿಯೋ ಪಾಸ್ಟರ್ ನಾಳೆ ನನ್ನ ಮಣ್ಣು ಮಾಡ್ಬೇಕು. ತನ್ನಪ್ಪನ ವಿಷಯದಲ್ಲಿ ಸುಳ್ಳು ಹೇಳೋನು ನನ್ನ ಗುಂಡಿ ಹತ್ರ ನಿಂತು ಮಾತಾಡೋದು ಬೇಡ. ಮನೆಗೆ ಹೋಗು, ಜೇ. ನಿಮ್ಮಪ್ಪನಿಗೆ ಏನು ಹೇಳ್ಬೇಕೋ ಹೇಳು."

ನನ್ನಿಂದ ಹಕ್ಕು ಪಡೆದುಕೊಂಡು ಆ ಹಕ್ಕಿನಿಂದಲೇ ನನ್ನನ್ನು ಕಳಿಸುವುದೇ! ಮೂರನೆಯ ದಿನ ಸಾಮಾನು ಕಟ್ಟಿ ಬ್ರಿಸ್ಬೇನಿಗೆ ಬಂದುಬಿಟ್ಟೆ. ಶೀಲಾ ಆಗಲೇ ಫೀಸು ಕಟ್ಟಿಬಿಟ್ಟಿದ್ದಳು, ನನ್ನ ಉತ್ತರಕ್ಕೆ ಕಾಯದೆ. ನಾನು ಮತ್ತೆ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ಯಾವ ಸಭೆಗೂ ಹೆಸರು ಕೊಡಲಿಲ್ಲ. ಆರು ವರ್ಷ ವಾಲ್ಟರ್ ಮೇಲೆ ಸಿಟ್ಟು ಮಾಡಿಕೊಂಡೇ ಇದ್ದೆ, ಅವರು ಹೇಳಿದ ಒಂದು ಕೆಲಸ ಮಾತ್ರ ಮಾಡಲಿಲ್ಲ. ಫೋನು ಎತ್ತಿದರೆ ಬಾಯಿಗೆ ಬರುತ್ತಿದ್ದದ್ದು ಅದೇ ಸಕ್ಕರೆ, ಅದೇ ಮಳೆ. ಹೋದ ಚಳಿಗಾಲದಲ್ಲಿ ಬೆವ್ ಮೆಸೇಜ್ ಕಳಿಸಿದ್ದಳು, ವಾಲ್ಟರ್ ಹೋದರು ಎಂದು. ಪಕ್ಕದ ಊರಿನ ಪಾಸ್ಟರ್ ಬಂದು ಮಣ್ಣು ಮಾಡಿದರಂತೆ. ಅವರ ಮಕ್ಕಳು ಪೆಟ್ಟಿಗೆಯಲ್ಲಿ ಒಂದು ಹಳೆಯ ಲೋಟ ಇಟ್ಟರಂತೆ.

ಜೆಟ್ಟಿಯ ಮೇಲೆ ಮೀನಿನವನು ವೇಡರ್ಸ್ ಮಡಿಸಿ ಚೀಲಕ್ಕೆ ತುರುಕಿಕೊಂಡು ಹೋದ. ವಾಸನೆ ಇನ್ನೂ ಮೂಗಿನಲ್ಲೇ ಇತ್ತು. ಪಂಕ್ಚರ್ ಆದ ಟ್ಯೂಬನ್ನು ಬೋಸಿಯ ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ಅಪ್ಪ ನೋಡುತ್ತಿದ್ದರು, ಶನಿವಾರ ಸಂಜೆ, ಮರುದಿನದ ಮೂರು ಹಳ್ಳಿಗಾಗಿ. ಒಂದು ವರ್ಷ ಪೂರ್ತಿ ನಾನು ಅಮೆರಿಕದ ಯಾವನೋ ಸತ್ತವನ ಹತ್ತಿರ ಹಳ್ಳಿ ಪಾಸ್ಟರ್ ಹೇಗೆ ಬದುಕಬೇಕು ಎಂದು ಕೇಳುತ್ತ ಕೂತಿದ್ದೆನಲ್ಲ, ಅವನು ಬಾಯಿ ಬಿಡುವುದಿಲ್ಲವೆಂದು ಬೈಯುತ್ತಿದ್ದೆನಲ್ಲ. ಎಂಟು ಹಳ್ಳಿ ಸುತ್ತಿದವರು ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿ ಕೂತಿದ್ದರು, ಫೋನು ಮಾಡಿದರೆ ಎತ್ತುತ್ತಿದ್ದರು. ಅವರನ್ನು ಒಂದು ಮಾತು ಕೇಳಲಿಲ್ಲ.

ಫೋನು ಮಾಡಿದೆ. ಅಲ್ಲಿ ಇನ್ನೂ ಬೆಳಗಿನ ಹೊತ್ತು.

"ಯಾರು?"

"ನಾನಪ್ಪ, ಜಯಕರ."

"ಇವತ್ತೇನು, ಭಾನುವಾರ ಅಲ್ವಲ್ಲ? ಶೀಲಾ, ಮಗು ಚೆನ್ನಾಗಿದ್ದಾರಾ?"

"ಎಲ್ಲಾ ಚೆನ್ನಾಗಿದ್ದಾರೆ. ಅಪ್ಪ, ನೀವು ಒಂದ್ಸಲ ಕೇಳಿದ್ರಿ. ನೀವು ಹಾಕಿದ್ದು ನೀರಲ್ವೇನೋ ಅಂತ."

ಆ ಕಡೆ ಫ್ಯಾನು ತಿರುಗುವುದು ಕೇಳಿಸುತ್ತಿತ್ತು.

"ಅದೂ ನೀರೇ ಅಪ್ಪ. ಅವತ್ತೇ ಹೇಳ್ಬೇಕಿತ್ತು. ಕಾರ್ಡು ಮುಗಿದಿರಲಿಲ್ಲ, ಸುಳ್ಳು ಹೇಳ್ದೆ."

"ಗೊತ್ತು," ಎಂದರು ಅಪ್ಪ. "ಇಷ್ಟು ಹೇಳಕ್ಕೆ ಇಪ್ಪತ್ತು ವರ್ಷ ಬೇಕಾಯ್ತೇನೋ ನಿಂಗೆ?" ದನಿಯಲ್ಲಿ ಸಿಟ್ಟಿತ್ತು, ನನ್ನದರಷ್ಟೇ ಹಳೆಯ ಸಿಟ್ಟು. "ನಾನು ಇರ್ತೀನೋ ಇಲ್ವೋ ಅಂತಾನೂ ಯೋಚ್ನೆ ಮಾಡ್ಲಿಲ್ವಲ್ಲೋ."

ಮುಂದೆ ಏನಾದರೂ ಹೇಳುತ್ತಾರೆಂದು ಕಾದೆ. ಅಕ್ಕ ಇನ್ಸುಲಿನ್‌ಗೆ ಕರೆಯುವುದು ಕೇಳಿಸಿತು. ಅಪ್ಪ ಫೋನ್ ಇಟ್ಟುಬಿಟ್ಟರು, ಕಾರ್ಡು ಮುಗಿಯಿತು ಎಂದು ಹೇಳಿ.